ತುಂಬಿದ ಟೊಂಗೆ, ಬರಿ ಟೊಂಗೆ

ನಮ್ಮ ಬಚ್ಚಲುಮನೆಯ ಹಿಂದಿರುವ ಬೆಣ್ಣೆಹಣ್ಣಿನ (ಅವಕಾಡೊ) ಮರ 2022ರ ಮಳೆಗಾಲದಲ್ಲಿ ಎಷ್ಟು ಕಾಯಿ ಹೊತ್ತಿತ್ತೆಂದರೆ, ಕೆಳಗಿನ ಎರಡು ಟೊಂಗೆಗಳಿಗೆ ಕವೆಗೋಲಿನ ಆಸರೆ ಕೊಡಬೇಕಾಯಿತು. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಕೊಯ್ಲು ಶುರು ಮಾಡಿ ಆಶ್ಲೇಷಾ ಮುಗಿಯುವವರೆಗೂ ಆ ಒಂದು ಮರದಿಂದ 700 ಕಾಯಿ ಇಳಿಸಿದೆವು. ಮನೆಗೆ ಬಂದವರೆಲ್ಲರ ಚೀಲಕ್ಕೂ ತುಂಬಿಸಿದೆವು. ಹುಬ್ಬಳ್ಳಿಯ ಹಣ್ಣಿನ ವ್ಯಾಪಾರಿ ಎರಡು ಸಲ ಗಾಡಿ ತಂದರು. ಮರುವರ್ಷ ಜೂನ್‌ನಲ್ಲಿ ಅವರೇ ಫೋನ್ ಮಾಡಿ, ಈ ಸಲ ಎಷ್ಟು ಮಾಲು ಸಿಗಬಹುದೆಂದು ಕೇಳಿದರು. ಫೋನ್ ಹಿಡಿದುಕೊಂಡೇ ಹಿತ್ತಿಲಿಗೆ ಹೋಗಿ ಮರವನ್ನು ನೋಡಿದೆ. ಎಲೆ ಕಪ್ಪುಹಸಿರಾಗಿ ದಟ್ಟವಾಗಿತ್ತು, ಚಿಗುರು ಒಂದೊಂದೂ ಮೊಳದುದ್ದ ಬೆಳೆದಿತ್ತು, ಆದರೆ ಕಾಯಿ ಮಾತ್ರ ಎಣಿಸಿದರೆ 60 ಇತ್ತು.

‘ಮರಕ್ಕೆ ದಣಿವಾಯ್ದು ತಮಾ, ಒಂದ್ ವರ್ಷ ಬಿಡು’ ಎಂದು ಅಪ್ಪಯ್ಯ ಹೇಳಿದರು. ಆ ಮರವನ್ನು ನೆಟ್ಟವರು ಅವರೇ. ಎಂಬತ್ತರ ದಶಕದಲ್ಲಿ ಮಡಿಕೇರಿಗೆ ಹೋದಾಗ ಸಂತೆಯಲ್ಲಿ ಕೊಂಡ ಹಣ್ಣಿನ ಬೀಜವನ್ನು ತಂದು ಬಚ್ಚಲ ನೀರು ಹರಿಯುವಲ್ಲಿ ಊರಿದ್ದರು. ಅವರ ಮಾತಿನ ಹಿಂದೆ ಶಿರಸಿ, ಸಿದ್ದಾಪುರದ ಸೀಮೆಯ ಹಳೆಯ ತಿಳಿವಳಿಕೆಯಿದೆ. ಹೊಳೆಯಂಚಿನ ಅಪ್ಪೆಮಿಡಿಯ, ಎಂದರೆ ಉಪ್ಪಿನಕಾಯಿಯ ಮಾವಿನಮಿಡಿಯ, ಮರ ವರ್ಷ ಬಿಟ್ಟು ವರ್ಷ ಫಲ ಕೊಡುವುದನ್ನು ನಮ್ಮವರು ತಲೆಮಾರುಗಳಿಂದ ಕಂಡಿದ್ದಾರೆ. ಮಿಡಿ ಸಿಕ್ಕ ವರ್ಷ ಭರಣಿ ತುಂಬಿಸಿ, ಸಿಗದ ವರ್ಷಕ್ಕೂ ಆಗುವಷ್ಟು ಉಪ್ಪಿನಲ್ಲಿಟ್ಟು ಕಾಪಾಡಿಕೊಂಡಿದ್ದಾರೆ. ಬೆಣ್ಣೆಹಣ್ಣನ್ನು ಹಾಗೆ ಭರಣಿಯಲ್ಲಿಡಲು ಬರುವುದಿಲ್ಲ. ಅಡಿಕೆಯ ಇಳಿಜಾರಿನ ಮೇಲಂಚಿನಲ್ಲಿ ಹನ್ನೊಂದು ವರ್ಷಗಳ ಹಿಂದೆ ನೆಟ್ಟ ನಲವತ್ತು ಕಸಿ ಗಿಡಗಳೂ ಹಿತ್ತಿಲ ಮರದ ಹಾದಿಯನ್ನೇ ಹಿಡಿದದ್ದನ್ನು ಕಂಡಾಗ, ದಣಿವು ಎಂಬ ಆ ಒಂದು ಪದವನ್ನು ಒಪ್ಪಿಕೊಂಡು ಸುಮ್ಮನಿರಲು ನನಗೆ ಮನಸ್ಸಾಗಲಿಲ್ಲ.

ದಣಿವು ಎಂಬುದು ಪೂರ್ತಿ ಸುಳ್ಳಲ್ಲ. ಈ ಹಣ್ಣಿನ ತಿರುಳಿನಲ್ಲಿರುವುದು ಮುಖ್ಯವಾಗಿ ಸಕ್ಕರೆಯಲ್ಲ, ಎಣ್ಣೆ. ಒಂದು ಕಿಲೋ ಮಾವನ್ನೋ ಕಿತ್ತಳೆಯನ್ನೋ ಬೆಳೆಸುವುದಕ್ಕಿಂತ ಬಹಳ ಹೆಚ್ಚು ಶಕ್ತಿಯನ್ನು ಮರವು ಒಂದು ಕಿಲೋ ಬೆಣ್ಣೆಹಣ್ಣಿಗೆ ಸುರಿಯಬೇಕಾಗುತ್ತದೆ. ಜೊತೆಗೆ ಆ ದೊಡ್ಡ ಬೀಜದ ಹೊರೆಯೂ ಇದೆ. ಅಪ್ಪೆಮಿಡಿಯನ್ನು ನಾವು ಬೀಜ ಬಲಿಯುವ ಮೊದಲೇ ಕೊಯ್ದು ಮರವನ್ನು ಹಗುರ ಮಾಡುತ್ತೇವೆ. ಬೆಣ್ಣೆಹಣ್ಣಾದರೋ ಮಕರ ಸಂಕ್ರಾಂತಿಯ ಆಸುಪಾಸಿನಲ್ಲಿ ಕಚ್ಚಿದರೆ ಆಷಾಢದವರೆಗೂ ಟೊಂಗೆಯಲ್ಲೇ ತೂಗುತ್ತಿರುತ್ತದೆ. ಮರ ಕೂಡಿಟ್ಟ ಗಂಜಿಯೆಲ್ಲ ಅದಕ್ಕೆ ಖರ್ಚಾಗುವುದು ಸಹಜ. ಆದರೆ ದಣಿವೇ ಕಾರಣವಾಗಿದ್ದರೆ ಗೊಬ್ಬರ ಮತ್ತು ನೀರನ್ನು ಹೆಚ್ಚಿಸಿದೊಡನೆ ಮರ ಚೇತರಿಸಿಕೊಳ್ಳಬೇಕಿತ್ತು. 2022ರ ಕೊಯ್ಲಿನ ಬಳಿಕ ನಾನು ಮಾಡಿದ್ದು ಅದನ್ನೇ. ಮರ ಚೇತರಿಸಿಕೊಂಡಿತು, ಎಲೆಯಾಗಿ, ಹೂವಾಗಿ ಅಲ್ಲ.

ಕಾರಣ ತಿಳಿಯಬೇಕಾದರೆ ಮರದ ಬುಡವನ್ನಲ್ಲ, ಕುಡಿಯನ್ನು ನೋಡಬೇಕು. ಬೆಣ್ಣೆಹಣ್ಣಿನ ಹೂಗೊಂಚಲು ಹೊರಡುವುದು ಹಳೆಯ ಮರಭಾಗದಿಂದಲ್ಲ, ಹಿಂದಿನ ಹಂಗಾಮಿನಲ್ಲಿ ಹುಟ್ಟಿ ಬಲಿತ ಚಿಗುರಿನ ತುದಿಯಿಂದ. ಈ ವರ್ಷದ ಚಿಗುರು ಎಂದರೆ ಮುಂದಿನ ವರ್ಷದ ಹೂವು. ಟೊಂಗೆಯ ತುದಿಯಲ್ಲಿ ಕಾಯಿ ತೂಗುತ್ತಿದ್ದರೆ ಅದರ ಹಿಂದಿನ ಮೊಗ್ಗುಗಳು ಒಡೆಯುವುದಿಲ್ಲ, ಚಿಗುರು ಹೊರಡುವುದಿಲ್ಲ. ಹೊರಟ ಚಿಗುರಿನ ಮೊಗ್ಗುಗಳು ಕೂಡ ಮುಂದಿನ ಹೂಗಾಲದಲ್ಲಿ ನಿದ್ದೆಯಿಂದ ಏಳದೆ ಉಳಿಯುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದಲ್ಲಿ ಕ್ಯಾರಲ್ ಲೊವಾಟ್ ಮತ್ತು ಅವರ ಸಂಗಡಿಗರು ಹ್ಯಾಸ್ ತಳಿಯ ಮೇಲೆ ವರ್ಷಾನುಗಟ್ಟಲೆ ನಡೆಸಿದ ಕೆಲಸ ಈ ಎರಡೂ ತಡೆಗಳನ್ನು ಬಿಡಿಸಿ ತೋರಿಸಿದೆ. ಅಂದರೆ ಖಾಲಿ ವರ್ಷವೊಂದು ತಾನಾಗಿ ಬರುವುದಿಲ್ಲ; ತುಂಬಿದ ವರ್ಷವೇ ಅದನ್ನು ಹುಟ್ಟಿಸಿ ಹೋಗಿರುತ್ತದೆ. ಹಾಗೆಯೇ ಖಾಲಿ ವರ್ಷದಲ್ಲಿ ತಡೆಯೇ ಇಲ್ಲದೆ ಮೊಳದುದ್ದದ ಚಿಗುರುಗಳು ಹೊರಟು, ಅವೆಲ್ಲ ಒಟ್ಟಿಗೇ ಹೂವಾಗಿ, ಮತ್ತೊಂದು ವಿಪರೀತ ಫಸಲನ್ನು ತಂದು ನಿಲ್ಲಿಸುತ್ತವೆ. 2023ರಲ್ಲಿ ಫೋನ್ ಹಿಡಿದುಕೊಂಡು ನಾನು ನೋಡಿದ ಆ ಉದ್ದುದ್ದ ಚಿಗುರುಗಳು 2024ರ ಹೊರೆಯ ಮುನ್ಸೂಚನೆಯಾಗಿದ್ದವು. ಅಂದು ಅದು ನನಗೆ ಹೊಳೆಯಲಿಲ್ಲ.

ಈ ಏರಿಳಿತ ಎಲ್ಲೋ ಒಂದು ಕಡೆ ಶುರುವಾಗಿರಬೇಕು. ನಮ್ಮ ತೋಟದಲ್ಲಿ ಅದು 2021ರ ಜನವರಿಯಲ್ಲಿ ಶುರುವಾಯಿತೆಂದು ನನ್ನ ಎಣಿಕೆ. ಆ ತಿಂಗಳ ಮೊದಲ ವಾರದಲ್ಲಿ ಮಲೆನಾಡಿಗೆಲ್ಲ ಅಕಾಲದ ಮಳೆ ಬಿದ್ದಿತ್ತು. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ರಾತ್ರೋರಾತ್ರಿ ಒಳಗೆ ತುಂಬಿದ ಗಡಿಬಿಡಿಯಲ್ಲಿ ಬೆಣ್ಣೆಹಣ್ಣಿನ ಹೂವಿನ ಕಡೆ ಯಾರ ಗಮನವೂ ಹೋಗಿರಲಿಲ್ಲ. ಮರಗಳು ಹೂಬಿಟ್ಟ ನಡುಘಟ್ಟದಲ್ಲಿದ್ದವು. ಹೂವು ಕಪ್ಪಾಗಿ ಉದುರಿ ಆ ವರ್ಷ ಕಾಯಿ ನಿಲ್ಲಲಿಲ್ಲ. ಅದರ ಮುಂಚೆ ಒಂದೊಂದು ಮರಕ್ಕೂ ಒಂದೊಂದು ಲಯವಿತ್ತು: ಇದು ತುಂಬಿದಾಗ ಅದು ಖಾಲಿ, ಅದು ತುಂಬಿದಾಗ ಇದು. ಒಂದು ಮಳೆ ಎಲ್ಲವನ್ನೂ ಒಂದೇ ದಿನ ಖಾಲಿ ಮಾಡಿ ಒಂದೇ ಹೆಜ್ಜೆಗೆ ತಂದು ನಿಲ್ಲಿಸಿತು. ಹಿಮ ಬೀಳುವ ದೇಶಗಳಲ್ಲಿ ಒಂದು ಚಳಿಯ ರಾತ್ರಿ ಮಾಡುವ ಕೆಲಸವನ್ನು ನಮ್ಮಲ್ಲಿ ಈ ಮಳೆ ಮಾಡಿತು.

ಹೂವಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಖಾಲಿ ಮರವೆಲ್ಲ ಒಂದೇ ಕಾರಣಕ್ಕೆ ಖಾಲಿಯಾಗಿರುವುದಿಲ್ಲ. ಹೂವೇ ಬಾರದ ಮರ ಬೇರೆ, ಹೂ ಬಂದೂ ಕಾಯಿ ಕಚ್ಚದ ಮರ ಬೇರೆ. ದೊಡ್ಡ ಮರವೊಂದು ಹತ್ತು ಲಕ್ಷದವರೆಗೂ ಹೂ ಬಿಡಬಲ್ಲದು. ಅದರಲ್ಲಿ ಕಾಯಾಗಿ ನಿಲ್ಲುವುದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಒಂದೊಂದು ಹೂವೂ ಎರಡು ಸಲ ಅರಳುತ್ತದೆ. ಮೊದಲ ಸಲ ಹೆಣ್ಣಾಗಿ, ಮುಚ್ಚಿಕೊಂಡು, ಎರಡನೆಯ ಸಲ ಗಂಡಾಗಿ. ಹ್ಯಾಸ್‌ನಂತಹ ಒಂದು ಗುಂಪಿನ ತಳಿಗಳಲ್ಲಿ ಹೂವು ಬೆಳಿಗ್ಗೆ ಹೆಣ್ಣಾಗಿ ಅರಳಿ, ಮಾರನೆಯ ದಿನ ಮಧ್ಯಾಹ್ನ ಪರಾಗ ಬಿಡುತ್ತದೆ. ಫ್ಯುಯೆರ್ಟೆಯಂತಹ ಇನ್ನೊಂದು ಗುಂಪಿನಲ್ಲಿ ಮಧ್ಯಾಹ್ನ ಹೆಣ್ಣಾಗಿ ಅರಳಿದ ಹೂವು ಮರುದಿನ ಬೆಳಿಗ್ಗೆ ಗಂಡಾಗುತ್ತದೆ. ಎರಡೂ ಗುಂಪು ಹತ್ತಿರವಿದ್ದರೆ ಒಂದರ ಪರಾಗ ಇನ್ನೊಂದಕ್ಕೆ ಹೊತ್ತಿಗೆ ಸರಿಯಾಗಿ ಸಿಗುತ್ತದೆ.

ಬೀಜದಿಂದ ಬೆಳೆದ ನಮ್ಮ ಹಿತ್ತಿಲ ಮರ ಯಾವ ಗುಂಪಿನದೆಂದು ತಿಳಿಯಲು ಒಂದು ಜನವರಿಯಲ್ಲಿ ಹತ್ತು ಹೂವುಗಳಿಗೆ ಕೆಂಪು ದಾರ ಕಟ್ಟಿ ಎರಡು ದಿನ ಕಾದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅವು ಮುಚ್ಚಿದ್ದವು. ಮಧ್ಯಾಹ್ನ ಊಟ ಮುಗಿಸಿ ಹೋದಾಗ ಎಂಟು ಹೂವುಗಳು ಅರಳಿ ನಡುವಿನ ಬಿಳಿ ಶಲಾಕೆಯನ್ನು ಚಾಚಿ ನಿಂತಿದ್ದವು, ಕೇಸರಗಳು ಇನ್ನೂ ದಳಕ್ಕೆ ಒರಗಿ ಮಲಗಿದ್ದವು. ಮರುದಿನ ಬೆಳಿಗ್ಗೆ ಅದೇ ಹೂವುಗಳಲ್ಲಿ ಕೇಸರಗಳು ಎದ್ದು ನಿಂತು ಪರಾಗ ಬಿಡುತ್ತಿದ್ದವು. ಮೇಲಿನ ಕಸಿ ಗಿಡಗಳು ಇದಕ್ಕೆ ತದ್ವಿರುದ್ಧ. ಆ ನಲವತ್ತು ಗಿಡಗಳೂ ಒಂದೇ ಗುಂಪಿನವು. ಮಧ್ಯಾಹ್ನ ಅರಳುವ ಜೊತೆಗಾರ ಅವುಗಳಿಗೆ ಇರಲೇ ಇಲ್ಲ. ಮರುವರ್ಷ ಹಿತ್ತಿಲ ಮರದ ಕುಡಿಯನ್ನೇ ತೆಗೆದು ಕಸಿ ಮಾಡಿ ಸಾಲಿನ ನಡುವೆ ನಾಲ್ಕು ಗಿಡ ನೆಟ್ಟೆ. ತುಡುವೆ ಜೇನಿನ ಎರಡು ಪೆಟ್ಟಿಗೆಗಳನ್ನು ಹೂಗಾಲದಲ್ಲಿ ಅಲ್ಲಿಗೆ ಒಯ್ದಿಡುತ್ತೇನೆ. ಬೆಟ್ಟದಲ್ಲಿ ಬೇರೆ ಹೂವು ಹೇರಳವಾಗಿದ್ದ ದಿನ ಜೇನು ಅತ್ತ ಹೋಗುತ್ತದೆ, ಅದನ್ನು ತಡೆಯಲು ಸಾಧ್ಯವಿಲ್ಲ. ಚಳಿ ಜೋರಾದ ದಿನಗಳಲ್ಲಿ ಅರಳುವ ಹೊತ್ತೇ ಹಿಂದೆಮುಂದಾಗುವುದನ್ನೂ ಕಂಡಿದ್ದೇನೆ.

ಇನ್ನೊಂದು ಬಗೆಯ ಮರವಿದೆ, ಅದು ಮೊದಮೊದಲು ನನ್ನನ್ನು ಬಹಳ ಮೋಸಗೊಳಿಸಿತು. ಇಳಿಜಾರಿನ ತಗ್ಗಿನಲ್ಲಿದ್ದ ಮೂರು ಗಿಡಗಳು ಒಂದು ವರ್ಷ ಎಲೆ ಕಾಣದಷ್ಟು ಹೂಬಿಟ್ಟವು. ಸಂತೋಷಪಟ್ಟೆ. ಕಾಯಿ ಗೋಲಿಯಷ್ಟಾಗಿ ಉದುರಿತು, ಎಲೆ ಚಿಕ್ಕದಾಗಿ ಹಳದಿಗೆ ತಿರುಗಿತು, ಎರಡನೆಯ ಮಳೆಗಾಲದಲ್ಲಿ ಎರಡು ಗಿಡಗಳು ಸತ್ತವು. ಬುಡ ಬಿಡಿಸಿ ನೋಡಿದರೆ ಬಿಳಿಯಾಗಿರಬೇಕಾದ ತಂತುಬೇರುಗಳು ಕಪ್ಪಾಗಿ ಕೈಗೆ ಮುರಿದು ಬರುತ್ತಿದ್ದವು. ಇದು ಫೈಟಾಫ್ತೊರಾ ಸಿನ್ನಮೋಮಿ. ಅಡಿಕೆಯ ಕೊಳೆರೋಗ, ಮೆಣಸಿನ ಸೊರಗು ರೋಗಗಳನ್ನು ತರುವ ಬಳಗದ್ದೇ ಇನ್ನೊಂದು ಜೀವಿ. ಕೊಳೆಗೆ ಔಷಧ ಹೊಡೆದು ಹೊಡೆದು ಕೈ ಪಳಗಿದ ನಮ್ಮ ಸೀಮೆಯವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಾಗಬಾರದು. ಬೆಣ್ಣೆಹಣ್ಣಿನ ತಂತುಬೇರುಗಳು ಬಹುಪಾಲು ಮೇಲುಮಣ್ಣಿನ ಒಂದು ಅಡಿಯೊಳಗೇ ಇರುತ್ತವೆ. ನೀರು ನಿಂತರೆ ಅವು ಕೊಳೆಯುತ್ತವೆ. ಬೇರು ಕಳೆದುಕೊಳ್ಳುತ್ತಿರುವ ಮರ ಸಾಯುವ ಮುಂಚೆ ಮೈತುಂಬ ಹೂ ಬಿಡುತ್ತದೆ. ಹಾಗಾಗಿ ಏರುಪೇರಿನ ಫಸಲಿಗೆ ಮೊದಲ ಚಿಕಿತ್ಸೆ ಯಾವುದೆಂದು ಯಾರಾದರೂ ಕೇಳಿದರೆ, ಬಸಿಗಾಲುವೆ ಎಂದೇ ನನ್ನ ಉತ್ತರ. ನಮ್ಮ ಮಳೆಗೆ ಸಮತಟ್ಟಿನ ಗುಂಡಿಯಲ್ಲಿ ಈ ಗಿಡ ನೆಡಬಾರದು. ಮಣ್ಣು ಏರಿಸಿದ ದಿಬ್ಬದ ಮೇಲೆ ನೆಟ್ಟು, ಬೆಟ್ಟದ ದರಕನ್ನು, ಅಂದರೆ ಒಣ ಎಲೆಗಳನ್ನು, ದಪ್ಪವಾಗಿ ಮುಚ್ಚಬೇಕು, ಆದರೆ ಕಾಂಡಕ್ಕೆ ತಾಗಿಸಬಾರದು. ಮಾರ್ಚ್, ಏಪ್ರಿಲ್‌ನಲ್ಲಿ ಎಳೆಗಾಯಿಯ ಹೊತ್ತಿಗೆ ಇದೇ ಬೇರು ಒಣಗಿದರೂ ಕಾಯಿ ಉದುರುತ್ತದೆ. ಬಚ್ಚಲ ಹಿಂದಿನ ಮರ ಇಷ್ಟು ವರ್ಷ ಬಾಳಿದ್ದಕ್ಕೆ ಅಲ್ಲಿ ಬೇಸಿಗೆಯಲ್ಲಿ ದಿನವೂ ಸ್ವಲ್ಪ ನೀರು ಸಿಗುವುದೂ, ಮಳೆಗಾಲದಲ್ಲಿ ಎಲ್ಲ ನೀರೂ ಇಳಿದು ಹೋಗುವುದೂ ಕಾರಣವೆಂದು ತಿಳಿಯುತ್ತೇನೆ. ಬೆಣ್ಣೆಹಣ್ಣಿನ ಹತ್ತಿರದ ನೆಂಟ ನಮ್ಮ ಕಾಡಿನ ಗುಳಮಾವು. ಊದುಬತ್ತಿಯ ಜಿಗಟಿಗಾಗಿ ತೊಗಟೆ ಸುಲಿದು ಸುಲಿದು ಆ ಮರವನ್ನು ಎಷ್ಟೋ ಕಡೆ ಇಲ್ಲವಾಗಿಸಿದ್ದೇವೆ. ಈ ದೂರದ ದೇಶದ ನೆಂಟನಿಗೆ ಇಷ್ಟೆಲ್ಲ ಉಪಚಾರ ಮಾಡುವಾಗ ಅದು ನೆನಪಾಗಿ ಮನಸ್ಸು ಭಾರವಾಗುತ್ತದೆ.

2023ರ ಡಿಸೆಂಬರ್‌ನಲ್ಲಿ ಬೇರು ಗಟ್ಟಿಯಾಗಿದ್ದ ಮರಗಳೆಲ್ಲ ಹೂಕೋಸಿನಂತೆ ಮೊಗ್ಗು ಕಟ್ಟಿದವು. ತುಂಬಿದ ವರ್ಷ ಬರುತ್ತಿದೆ ಎಂಬುದು ಖಚಿತವಾಯಿತು. ಏನಾದರೂ ಮಾಡುವುದಿದ್ದರೆ ಈಗಲೇ ಮಾಡಬೇಕೆಂದು, ಖಾಲಿ ವರ್ಷ ಬಂದ ಮೇಲೆ ಗೊಬ್ಬರ ಸುರಿದು ಪ್ರಯೋಜನವಿಲ್ಲವೆಂದು ನಿರ್ಧರಿಸಿದೆ. ಸಂಕ್ರಾಂತಿ ಕಳೆದ ವಾರ, ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರನ್ನು ಕರೆಸಿ, ಏಣಿ ಇಡಿಸಿ, ಹಿಡಿಗರಗಸ ಕೊಟ್ಟು, ಹಿತ್ತಿಲ ಮರದ ಪಶ್ಚಿಮದ ಕಡೆಯ ಟೊಂಗೆಗಳನ್ನು ತೋರಿಸಿದೆ. ‘ಹೂ ಬಿಟ್ಟ ಟೊಂಗೆ ಕಡಿಯೂದೇನ್ರಾ ಹೆಗಡೇರೇ?’ ಎಂದು ಅವರು ಎರಡು ಸಲ ಕೇಳಿದರು. ಹೂವಿನ ಮೇಲೆ ಜೇನು ಕೂತಿತ್ತು. ಆಯಿ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಒಳಗೆ ಹೋದರು. ಮರದ ಒಟ್ಟು ಹೂಗೊಂಚಲಿನಲ್ಲಿ ಮೂರರಲ್ಲಿ ಒಂದು ಪಾಲು ಅಂದು ನೆಲಕ್ಕೆ ಬಿತ್ತು. ಕತ್ತರಿಸಿದಲ್ಲಿ ಬೋರ್ಡೋ ಮುಲಾಮು ಹಚ್ಚಿ, ಬಿಸಿಲಿಗೆ ತೆರೆದುಕೊಂಡ ತೊಗಟೆ ಸುಡದಂತೆ ಸುಣ್ಣ ಬಳಿದೆವು.

ತುದಿಗಳನ್ನು ಅಲ್ಲಲ್ಲಿ ಚಿವುಟುವ ಬದಲು ಒಂದೇ ಪಕ್ಕದ ಟೊಂಗೆಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಾಯಿಯ ತಡೆ ಮುಖ್ಯವಾಗಿ ಕೆಲಸ ಮಾಡುವುದು ಅದು ತೂಗುತ್ತಿರುವ ಚಿಗುರಿನ ಮೇಲೆ ಮತ್ತು ಅದರ ಸುತ್ತಲಿನ ಮೊಗ್ಗುಗಳ ಮೇಲೆ. ಒಂದು ಟೊಂಗೆಯ ತುಂಬಿದ ವರ್ಷ ಇನ್ನೊಂದು ಟೊಂಗೆಯ ಖಾಲಿ ವರ್ಷವಾಗಿರಬಹುದು. ಹಾಗಿರುವ ಮರಗಳನ್ನು 2021ಕ್ಕೆ ಮುಂಚೆ ನಮ್ಮಲ್ಲೇ ಕಂಡಿದ್ದೆ, ಗಮನ ಕೊಟ್ಟಿರಲಿಲ್ಲ ಅಷ್ಟೆ. ಮರವನ್ನು ಒಂದು ಎಂದು ಎಣಿಸುವುದನ್ನು ಬಿಟ್ಟು, ಟೊಂಗೆಗಳನ್ನು ಎರಡು ಪಾಳಿಯಾಗಿ ವಿಂಗಡಿಸಿ, ಒಂದು ಪಾಳಿ ಕಾಯಿ ಹೊರುವಾಗ ಇನ್ನೊಂದು ಪಾಳಿ ಚಿಗುರುವಂತೆ ಮಾಡಬಹುದೇ ಎಂಬುದು ನನ್ನ ಯೋಚನೆಯಾಗಿತ್ತು. ಮಾರ್ಚ್‌ನ ಕೊನೆಗೆ ಪಶ್ಚಿಮದ ಕಡೆ ತಾಮ್ರಬಣ್ಣದ ಚಿಗುರು ಒಡೆಯಿತು. ಬಹಳ ಸೊಕ್ಕಿದ ಚಿಗುರುಗಳ ತುದಿ ಚಿವುಟಿ ಕವಲೊಡೆಯಲು ಬಿಟ್ಟೆ. ಪೂರ್ವದ ಟೊಂಗೆಗಳಲ್ಲಿ ಕಾಯಿ ನಿಂಬೆಯ ಗಾತ್ರಕ್ಕೆ ಬಂದಾಗ, ತಾವಾಗಿ ಉದುರುವುದು ನಿಂತ ಮೇಲೆ, ಒಂದೇ ತೊಟ್ಟಿನಲ್ಲಿ ಮೂರು ನಾಲ್ಕು ಇದ್ದಲ್ಲಿ ಒಂದೆರಡನ್ನು ಉಳಿಸಿ ಉಳಿದವನ್ನು ತೆಗೆದೆ. ಎಳೆಗಾಯಿ ಕೀಳುವುದು ಹೂ ಕಡಿಯುವುದಕ್ಕಿಂತಲೂ ಕಷ್ಟದ ಕೆಲಸ. ಒಂದು ಬುಟ್ಟಿ ತುಂಬಿದ ಮೇಲೆ ಆ ದಿನ ಮುಂದುವರಿಸಲು ನನ್ನಿಂದ ಆಗಲಿಲ್ಲ. ಉಳಿದದ್ದನ್ನು ಮರುದಿನ ತೆಗೆದೆ.

ಕೊಯ್ಲನ್ನೂ ಬದಲಾಯಿಸಿದೆ. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ, ಕೊಯ್ದ ಮೇಲೆಯೇ ಮೆತ್ತಗಾಗುವುದು. ಈ ಗುಣದಿಂದಾಗಿ ಮರವನ್ನೇ ಉಗ್ರಾಣ ಮಾಡಿಕೊಂಡು, ದರ ಏರಲಿ ಎಂದು ಕಾಯಿಯನ್ನು ಅಲ್ಲೇ ಬಿಡುವುದು ಬಹಳಷ್ಟು ಬೆಳೆಗಾರರ ರೂಢಿ. 2022ರಲ್ಲಿ ಆಶ್ಲೇಷಾ ಮುಗಿಯುವವರೆಗೆ ನಾನೂ ಬಿಟ್ಟಿದ್ದೆ. ಆದರೆ ಬಲಿತ ಮೇಲೂ ತೂಗುವ ಒಂದೊಂದು ವಾರವೂ ಮುಂದಿನ ಚಿಗುರನ್ನು ತಡೆಯುತ್ತದೆ. ಬಲಿತದ್ದನ್ನು ತಿಳಿಯುವುದು ಹೇಗೆ ಎಂಬುದೇ ಕಷ್ಟ; ಎಳೆಯದನ್ನು ಕೊಯ್ದರೆ ಅದು ಮೆತ್ತಗಾಗದೆ ಸುಕ್ಕುಗಟ್ಟಿ ರಬ್ಬರಿನಂತಾಗುತ್ತದೆ. ಸಿಪ್ಪೆ ಮತ್ತು ಬೀಜ ತೆಗೆದು, ತಿರುಳನ್ನು ತೆಳುವಾಗಿ ಹೆಚ್ಚಿ 100 ಗ್ರಾಂ ತೂಗಿ, ಮೈಕ್ರೋವೇವ್ ಒಲೆಯ ಸಣ್ಣ ಉರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿದರೆ, ಉಳಿದಷ್ಟು ಗ್ರಾಂ ಒಣ ಅಂಶದ ಶೇಕಡಾ ಪ್ರಮಾಣವಾಗುತ್ತದೆ. ಎಣ್ಣೆ ಹೆಚ್ಚಿದಂತೆ ಒಣ ಅಂಶವೂ ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾಸ್ ಕೊಯ್ಲಿಗೆ ಕನಿಷ್ಠ 20.8 ಎಂದು ಗೊತ್ತುಮಾಡಿದ್ದಾರೆ. ನಮ್ಮ ಬೀಜದ ಮರದ ಹಣ್ಣಿಗೆ ಆ ಅಂಕಿ ಹೊಂದುವುದಿಲ್ಲ. ವಾರಕ್ಕೊಮ್ಮೆ ಎರಡು ಕಾಯಿ ಒಣಗಿಸಿ, ಜೊತೆಯ ಎರಡನ್ನು ಅಕ್ಕಿಯ ಡಬ್ಬದಲ್ಲಿಟ್ಟು ಹಣ್ಣಾಗಲು ಬಿಟ್ಟು, ಯಾವ ಅಂಕಿಯಿಂದ ಸುಕ್ಕುಗಟ್ಟುವುದು ನಿಲ್ಲುತ್ತದೆಂದು ಬರೆದುಕೊಂಡೆ. 2024ರಲ್ಲಿ ಜುಲೈ ಮುಗಿಯುವ ಮೊದಲೇ ಮರ ಪೂರ್ತಿ ಬರಿದಾಯಿತು.

ಆ ವರ್ಷ ಹಿತ್ತಿಲ ಮರದಿಂದ ಬಂದದ್ದು 410 ಕಾಯಿ, 2022ಕ್ಕಿಂತ ಒಂದೊಂದೂ ದಪ್ಪ. 2025ರಲ್ಲಿ 290. ಏರುಪೇರನ್ನು ಅಳೆಯಲು ಒಂದು ಸರಳ ಲೆಕ್ಕವಿದೆ. ಎರಡು ವರ್ಷಗಳ ಫಸಲಿನ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಬೇಕು. ಸೊನ್ನೆ ಬಂದರೆ ಸಮಫಸಲು, ಒಂದು ಬಂದರೆ ಒಂದು ವರ್ಷ ಪೂರ್ತಿ ಬರಿದು. 2022 ಮತ್ತು 2023ಕ್ಕೆ ಇದು 0.84 ಇತ್ತು, 2024 ಮತ್ತು 2025ಕ್ಕೆ 0.17. ಬೆಟ್ಟದಂಚಿನಲ್ಲಿರುವ ನಮ್ಮ ಇನ್ನೊಂದು ಎತ್ತರದ ಬೆಣ್ಣೆಹಣ್ಣಿನ ಮರಕ್ಕೆ ಏಣಿ ಎಟುಕಲಿಲ್ಲ, ಬೆಣ್ಣೆಹಣ್ಣಿನ ಟೊಂಗೆ ಪೆಡಸಾದ್ದರಿಂದ ಹತ್ತಲು ಕೊನೆಗೌಡರು ಒಪ್ಪಲಿಲ್ಲ. ಅದನ್ನು ಹಾಗೆಯೇ ಬಿಟ್ಟೆವು. ಅದು 2024ರಲ್ಲಿ 580 ಕೊಟ್ಟು 2025ರಲ್ಲಿ 80ಕ್ಕೆ ಇಳಿಯಿತು. ಎರಡು ಮರಗಳನ್ನು ನೋಡಿ ಸಿದ್ಧಾಂತ ಕಟ್ಟುವುದು ತಪ್ಪೆಂದು ನನಗೆ ಗೊತ್ತು. 2023ರ ಜೂನ್‌ನಲ್ಲಿ ಮಳೆ ಕೈಕೊಟ್ಟದ್ದೂ ಆ ವರ್ಷದ ಲೆಕ್ಕದಲ್ಲಿ ಸೇರಿದೆ. ಆದರೂ ಈ ಸಲ ವ್ಯಾಪಾರಿ ಫೋನ್ ಮಾಡುವ ಮುಂಚೆ ನಾನೇ ಏಪ್ರಿಲ್‌ನಲ್ಲಿ ಕರೆದು ಅಂದಾಜು ಹೇಳಲು ಸಾಧ್ಯವಾಯಿತು. ಒಂದು ವರ್ಷ ಎರಡು ಗಾಡಿ, ಮರುವರ್ಷ ಒಂದು ಬುಟ್ಟಿ ಎನ್ನುವ ತೋಟವನ್ನು ಯಾವ ವ್ಯಾಪಾರಿಯೂ ನೆಚ್ಚಿಕೊಳ್ಳುವುದಿಲ್ಲ.

ಗೊಬ್ಬರದ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣಿನಿಂದ ಮಳೆ ಬೋರಾನನ್ನು ತೊಳೆದೊಯ್ಯುತ್ತದೆ. ಮೊಗ್ಗು ಹೂಕೋಸಿನ ಹಂತದಲ್ಲಿರುವಾಗ ಲೀಟರಿಗೆ ಒಂದು ಗ್ರಾಂ ಬೋರಿಕ್ ಆಮ್ಲದ ಸಿಂಪಡಣೆ ಕೊಡುತ್ತೇನೆ, ಹೆಚ್ಚಾದರೆ ಅದೇ ವಿಷ. ಸಾರಜನಕದ ದೊಡ್ಡ ಪಾಲನ್ನು ತುಂಬಿದ ವರ್ಷದಲ್ಲೇ, ಕಾಯಿ ಕಚ್ಚುವಾಗ ಮತ್ತು ಮಳೆ ಇಳಿದ ಮೇಲೆ ಚಿಗುರು ಬಲಿಯುವಾಗ ಹಂಚಿ ಕೊಡುತ್ತೇನೆ. ಖಾಲಿ ವರ್ಷಕ್ಕೆ ಕಡಿಮೆ. ಚಿಗುರು ತಡೆದು ಹೂ ಬರಿಸಲು ಮಾವಿಗೆ ಹಾಕುವ ಪ್ಯಾಕ್ಲೊಬ್ಯುಟ್ರಜಾಲ್ ಎಂಬ ರಾಸಾಯನಿಕವನ್ನು ಇದಕ್ಕೂ ಹಾಕಿ ನೋಡಿ ಎಂದವರಿದ್ದಾರೆ. ಮಣ್ಣಿನಲ್ಲಿ ದೀರ್ಘ ಕಾಲ ಉಳಿಯುವ ಅದನ್ನು, ಕೆಳಗೆ ಅಡಿಕೆ ತೋಟವೂ ಅದರ ಕೆಳಗೆ ಕುಡಿಯುವ ನೀರಿನ ಹಳ್ಳವೂ ಇರುವ ಇಳಿಜಾರಿನಲ್ಲಿ ಸುರಿಯಲು ನಾನು ಸಿದ್ಧನಿಲ್ಲ.

ಈ ವಾರ ಹಿತ್ತಿಲ ಮರದಲ್ಲಿ ಮೊಗ್ಗು ಕಾಣಿಸಿಕೊಂಡಿದೆ. ಪಶ್ಚಿಮದ ಟೊಂಗೆಗಳು 2025ರಲ್ಲಿ ಕಾಯಿ ಹೊತ್ತಿದ್ದರಿಂದ ಅಲ್ಲಿ ಮೊಗ್ಗು ವಿರಳ; ಪೂರ್ವದಲ್ಲಿ ದಟ್ಟವಾಗಿದೆ. ಪೂರ್ವದ ಆರು ಟೊಂಗೆಗಳಲ್ಲಿ ಎರಡಕ್ಕೆ ಹಳೆಯ ಸೀರೆಯ ಅಂಚನ್ನು ಹರಿದು ಗುರುತು ಕಟ್ಟಿದ್ದೇನೆ, ಸಂಕ್ರಾಂತಿಯ ನಂತರ ಕಡಿಯುವುದಕ್ಕೆ. ಮೂರನೆಯದೊಂದರ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಅಪ್ಪಯ್ಯ ನಿನ್ನೆ ಕೋಲೂರಿಕೊಂಡು ಬಂದು, ಅದರ ನೆರಳಿನಲ್ಲಿ ಬೇರೆ ಟೊಂಗೆ ಚಿಗುರುವುದಿಲ್ಲ, ಅದನ್ನೂ ತೆಗೆ ಎಂದರು. ಬಿಸಿಲು ಬೀಳುವ ಕಡೆಯಿಂದ ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದಿದ್ದೇನೆ.